ಇಟಲಿಯ ಕಾಸ್ತೆಲ್ಲುಚ್ಚೊ: ಹೂವು ನೋಡಿ, ಕಾಳು ತನ್ನಿ

"ರೋಮ್, ವೆನಿಸ್ ಎಲ್ಲರೂ ನೋಡ್ತಾರೆ. ಇನ್ನೂ ಬೇಸಾಯ ನಡೀತಿರೋ ಒಂದು ಇಟಲಿ ಹಳ್ಳಿ ಹೇಳಿ. ಅದರ ಇತಿಹಾಸ ಏನು, ಏನು ನೋಡಬೇಕು, ಅಲ್ಲಿಂದ ಏನು ತರಬೇಕು?" ಅಂತ ಕೇಳಿದ್ದೀರಿ. ನಾನು ಕೆಲಸದ ಮೇಲೆ ಕೆಲವು ವರ್ಷ ರೋಮ್‌ನಲ್ಲಿದ್ದೆ. ನನ್ನನ್ನು ಕೇಳಿದರೆ ಉಂಬ್ರಿಯಾ ಸೀಮೆಯ ಕಾಸ್ತೆಲ್ಲುಚ್ಚೊಗೆ ಹೋಗಿ. ನೋರ್ಚಾ ಅನ್ನೋ ಪಟ್ಟಣದಿಂದ ಸುಮಾರು 30 ಕಿ.ಮೀ. ಘಾಟಿ ರಸ್ತೆ. ಊರು ಇರುವುದು 1452 ಮೀಟರ್ ಎತ್ತರದಲ್ಲಿ, ಗುಡ್ಡದ ನೆತ್ತಿಯ ಮೇಲೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಫೋಟೊದಲ್ಲಿ ಕಾಣುವ ಹಳ್ಳಿ ಈಗ ಇಲ್ಲ. 2016ರ ಅಕ್ಟೋಬರ್ 30, ಭಾನುವಾರ ಬೆಳಗ್ಗೆ 7:40ಕ್ಕೆ 6.5 ತೀವ್ರತೆಯ ಭೂಕಂಪ ಆಯಿತು. ಅವತ್ತು ನಾನು ರೋಮ್‌ನ ಬಾಡಿಗೆ ಮನೆಯಲ್ಲಿ ಇನ್ನೂ ಹಾಸಿಗೆಯಲ್ಲೇ ಇದ್ದೆ. ತಲೆ ಮೇಲಿನ ದೀಪ ತೂಗುಯ್ಯಾಲೆ ಆಡಿತು, ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಅಷ್ಟು ದೂರದಲ್ಲೇ ಹಾಗಾದರೆ ಅಲ್ಲಿ ಹೇಗಿರಬೇಡ! ಹಳ್ಳಿಯ ಹೆಚ್ಚಿನ ಮನೆಗಳು, ಹಳೆಯ ಸಾಂತಾ ಮರೀಯಾ ಅಸ್ಸೂಂತಾ ಚರ್ಚ್, ಎಲ್ಲ ಕುಸಿದವು. ಆಗಸ್ಟ್‌ನಲ್ಲೇ ಒಂದು ದೊಡ್ಡ ಭೂಕಂಪ ಆಗಿತ್ತಲ್ಲ, ಹಾಗಾಗಿ ಆ ಹೊತ್ತಿಗೆ ಜನ ಮನೆ ಬಿಟ್ಟಿದ್ದರು. ಅದೇ ಪುಣ್ಯ.

ಇತಿಹಾಸ ದೊಡ್ಡದೇನಲ್ಲ. ನೋರ್ಚಾದವರು ತಮ್ಮ ಮಲೆ ಮತ್ತು ಹುಲ್ಲುಗಾವಲು ಕಾಯಲು ಮಧ್ಯಯುಗದಲ್ಲಿ ಇಲ್ಲಿ ಊರು ಕಟ್ಟಿಕೊಂಡರು. ಬೇಸಿಗೆಯಲ್ಲಿ ಕುರಿ ಮೇಯಿಸುವುದು, ಚಳಿಗಾಲ ಬಂದರೆ ಮಂದೆ ಹೊಡೆದುಕೊಂಡು ರೋಮ್ ಕಡೆಯ ಬಯಲಿಗೆ ಇಳಿಯುವುದು, ಶತಮಾನಗಟ್ಟಲೆ ಇದೇ ಬದುಕು. ನನಗೆ ತುಂಬ ಇಷ್ಟವಾಗಿದ್ದು ಗೋಡೆಬರಹ. ಊರಿನ ಜನ ಒಬ್ಬರನ್ನೊಬ್ಬರು ಆಡಿಕೊಂಡು ಗೋಡೆ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದರು! ನಾನು 2015ರಲ್ಲಿ ಹೋದಾಗ ಅಂಥ ಮಸುಕು ಅಕ್ಷರ ಒಂದೆರಡು ಕಡೆ ಕಂಡಿದ್ದೆ. ನನ್ನ ಅರೆಬರೆ ಇಟಾಲಿಯನ್‌ಗೆ ಅವು ದಕ್ಕಲಿಲ್ಲ. ಫೋಟೊನಾದ್ರೂ ತೆಗೆದಿಟ್ಟುಕೊಳ್ಳಬೇಕಿತ್ತು.

ಈಗ ಹೋದರೆ ನೋಡಬೇಕಾದದ್ದು ಊರಿನ ಕೆಳಗಿದೆ. ಪಿಯಾನೊ ಗ್ರಾಂದೆ, ಅಂದರೆ ದೊಡ್ಡ ಬಯಲು. ಒಂದು ಕಾಲದಲ್ಲಿ ಕೆರೆಯಾಗಿದ್ದ ತಗ್ಗು. ಸುತ್ತ ಬೋಳು ಬೆಟ್ಟ, ನಡುವೆ ಅಂಗೈಯಷ್ಟು ಸಪಾಟು ನೆಲ, ಒಂದು ಮರವಿಲ್ಲ. ಒಂದು ಬದಿಯಲ್ಲಿ 2476 ಮೀಟರ್ ಎತ್ತರದ ಮೊಂತೆ ವೆತ್ತೊರೆ. ಅದರ ಇಳಿಜಾರನ್ನು ಗಮನವಿಟ್ಟು ನೋಡಿ. ಸೀಮೆಸುಣ್ಣದಲ್ಲಿ ಅಡ್ಡ ಗೆರೆ ಎಳೆದ ಹಾಗೆ ಒಂದು ಬಿಳಿ ಪಟ್ಟಿ ಕಾಣುತ್ತದೆ. ಭೂಕಂಪದಲ್ಲಿ ನೆಲ ಕೆಲವು ಕಡೆ ಸುಮಾರು ಎರಡು ಮೀಟರ್ ಜಾರಿದಾಗ ಹೊರಬಿದ್ದ ಬಂಡೆ ಅದು.

ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಈ ಬಯಲು ಪೂರ್ತಿ ಕೆಂಪು, ನೀಲಿ, ಹಳದಿ. ಜನ ಇದಕ್ಕೇ ಮುಗಿಬೀಳ್ತಾರೆ. ಆದರೆ ತಮಾಷೆ ಏನು ಗೊತ್ತಾ? ಆ ಹೂವೆಲ್ಲ ಕಳೆ. ಕೆಂಪಗಿರೋದು ಕಾಡು ಗಸಗಸೆ, ಹಳದಿ ಕಾಡು ಸಾಸಿವೆ. ಹೊಲಕ್ಕೆ ಕಳೆನಾಶಕ ಹೊಡೆಯದ ಕಾರಣ ಬೆಳೆಯ ಜೊತೆಗೇ ಬೆಳೆಯುತ್ತವೆ. ನಿಜವಾದ ಬೆಳೆ ಮೊಣಕಾಲಿಗೂ ಬರದ ಗಿಡ, ಅದರ ಹೂವು ಕಣ್ಣಿಗೇ ಬೀಳುವುದಿಲ್ಲ. ಫೋಟೊಗೆ ಅಂತ ಹೊಲಕ್ಕೆ ಇಳಿದರೆ ನೀವು ತುಳಿಯುವುದು ಅದನ್ನೇ. ದಯವಿಟ್ಟು ಬದುವಿನ ಮೇಲೇ ನಿಲ್ಲಿ.

ಆ ಗಿಡ ನಮ್ಮ ಚೆನ್ನಂಗಿಯ ಬಳಗ. ಇಟಲಿಯಲ್ಲಿ ಹೆಸರುವಾಸಿಯಾದ ಕಾಸ್ತೆಲ್ಲುಚ್ಚೊ ಲೆಂಟಿಲ್ ಇದೇ. 1997ರಲ್ಲಿ ಇದಕ್ಕೆ ಯುರೋಪಿನ ಐಜಿಪಿ ಮುದ್ರೆ, ಅಂದರೆ ಈ ಸೀಮೆಯದ್ದೇ ಅನ್ನೋ ಗುರುತು, ಸಿಕ್ಕಿದೆ, ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಇದ್ದ ಹಾಗೆ. ಮಂಜು ಕರಗಿದ ಮೇಲೆ ಬಿತ್ತನೆ, ಜುಲೈ ಕೊನೆ–ಆಗಸ್ಟ್‌ನಲ್ಲಿ ಕಟಾವು. ಹಿಂದೆ ಗಿಡವನ್ನು ಕೈಯಲ್ಲೇ ಕೀಳಬೇಕಿತ್ತು. ಅದಕ್ಕಂತಲೇ ಕೂಲಿ ಹೆಂಗಸರು ಬರುತ್ತಿದ್ದರು, ಅವರಿಗೆ ಕಾರ್ಪಿರೀನೆ ಅಂತ ಹೆಸರು. ಈಗ ಯಂತ್ರ. ಭೂಕಂಪದ ಮರುವರ್ಷ, 2017ರ ವಸಂತದಲ್ಲಿ, ರಸ್ತೆ ಇನ್ನೂ ಸರಿಯಾಗಿರಲಿಲ್ಲ. ಆದರೂ ರೈತರು ಟ್ರ್ಯಾಕ್ಟರ್‌ಗಳನ್ನು ಸಾಲಾಗಿ ಹತ್ತಿಸಿಕೊಂಡು ಹೋಗಿ ಬಿತ್ತಿದರು. ಮನೆ ಬಿದ್ದಿದ್ದರೂ ಹೊಲ ಬೀಳು ಬಿಡಲಿಲ್ಲ.

ಕೊಳ್ಳುವಾಗ ಪೊಟ್ಟಣದ ಮೇಲೆ ಐಜಿಪಿ ಮುದ್ರೆ ನೋಡಿ. ಬೆಲೆ ಜಾಸ್ತಿ. ಅಂಗೈಗೆ ಸುರಿದುಕೊಂಡರೆ ಗೊತ್ತಾಗುತ್ತೆ: ಪುಟ್ಟ ಕಾಳು, ಎಲ್ಲ ಒಂದೇ ಬಣ್ಣ ಅಲ್ಲ. ಹಸಿರು, ಕಂದು, ಹಳದಿ, ಚುಕ್ಕಿ ಚುಕ್ಕಿ, ಎಲ್ಲ ಬೆರೆತಿರುತ್ತೆ. ಸಿಪ್ಪೆ ತೆಳು, ನೆನೆಸುವುದೇ ಬೇಡ, ಅರ್ಧ ಗಂಟೆಯೊಳಗೆ ಬೇಯುತ್ತೆ. ಅವರು ಬೆಳ್ಳುಳ್ಳಿ, ಸೆಲರಿ ಹಾಕಿ ಬೇಯಿಸಿ, ಸುಟ್ಟ ಬ್ರೆಡ್ ಮೇಲೆ ಸುರಿದು ಆಲಿವ್ ಎಣ್ಣೆ ಬಿಡುತ್ತಾರೆ. ಹೊಸ ವರ್ಷದ ರಾತ್ರಿ ಇಟಲಿಯಲ್ಲೆಲ್ಲ ಲೆಂಟಿಲ್ ತಿನ್ನಬೇಕು; ಕಾಳು ನಾಣ್ಯದ ಥರ ಇದೆಯಲ್ಲ, ದುಡ್ಡು ಬರುತ್ತಂತೆ. ನೀವು ಸಸ್ಯಾಹಾರಿಯಾದರೆ ಹೋಟೆಲಿನಲ್ಲಿ ಮೊದಲೇ ಕೇಳಿ. ನೋರ್ಚಾ ಹಂದಿಮಾಂಸಕ್ಕೆ ಎಷ್ಟು ಹೆಸರುವಾಸಿ ಅಂದರೆ, ಮಾಂಸದ ಅಂಗಡಿಗೆ ನೊರ್ಚಿನೆರಿಯಾ ಅನ್ನೋ ಪದವೇ ಈ ಊರಿಂದ ಬಂದದ್ದು. ಕಾಳಿನ ಸಾರಿನಲ್ಲೂ ಸಾಸೇಜ್ ಇರಬಹುದು.

ಜುಲೈ ಭಾನುವಾರ ಮಾತ್ರ ಹೋಗಬೇಡಿ, ಘಾಟಿ ತುಂಬ ಕಾರು. ವಾರದ ನಡುವೆ, ಬೆಳಗ್ಗೆ ಬೇಗ, ಒಂದು ಸ್ವೆಟರ್ ಹಾಕಿಕೊಂಡು ಹೋಗಿ. ನಾನು ತಂದ ಅರ್ಧ ಕೇಜಿಗೆ ಅಮ್ಮ ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರು. ತಿಂದು, ಬೆಲೆ ಕೇಳಿ, "ಚೆನ್ನಂಗಿಗೆ ಇಷ್ಟಾ?" ಅಂದರು. ಆದರೆ ಉಳಿದದ್ದನ್ನು ಬೇರೆ ಡಬ್ಬಿಯಲ್ಲಿ ಎತ್ತಿಟ್ಟರು.