ಇಳಿಜಾರಿನ ಹಿತ್ತಲಿಗೆ ಎಂಥ ಲಾನ್ ಮೋವರ್?

ಪ್ರಶ್ನೆ: ಅಮೆರಿಕದ ನಾರ್ತ್ ಕೆರೊಲಿನಾದ ರಾಲೆ ನಗರದ ಹೊರವಲಯದಲ್ಲಿ ನಾವು ಮನೆ ಕೊಂಡಿದ್ದೇವೆ. ಸುಮಾರು 8,000 ಚದರ ಅಡಿ ಫೆಸ್ಕ್ಯೂ ಹುಲ್ಲಿದೆ. ಮುಂದಿನ ಅಂಗಳ ಸಮತಟ್ಟಾಗಿದ್ದು, ಹಿತ್ತಲು ಇಳಿಜಾರಾಗಿದೆ. ಕೈಯಿಂದ ತಳ್ಳುವ ಮೋವರ್ (ಹುಲ್ಲು ಕತ್ತರಿಸುವ ಯಂತ್ರ) ಬಳಸಿ ದಣಿದಿರುವುದರಿಂದ ತಾನೇ ಚಲಿಸುವ ಮೋವರ್ ಕೊಳ್ಳಬೇಕೆಂದಿದ್ದೇವೆ. ಪೆಟ್ರೋಲಿನದೋ ಬ್ಯಾಟರಿಯದೋ, ಮುಂದಿನ ಚಕ್ರ ಎಳೆಯುವುದೋ ಹಿಂದಿನ ಚಕ್ರ ನೂಕುವುದೋ ತೀರ್ಮಾನಿಸಲಾಗುತ್ತಿಲ್ಲ. ಬೇಸಿಗೆಗೆ ಬರುವ ಮಾವನವರಿಗೆ ತೀರ್ಥಹಳ್ಳಿಯ ಅಡಿಕೆ ತೋಟದಲ್ಲಿ ವೀಡ್ ಕಟ್ಟರ್ ಬಳಸಿ ಅಭ್ಯಾಸವಿದ್ದು, ಅವರೂ ಇದನ್ನು ನಡೆಸುವ ಮನಸ್ಸಿನಲ್ಲಿದ್ದಾರೆ. ಹತ್ತು ವರ್ಷದ ಮಗನಿಗೂ ಆಸೆ. ದಯವಿಟ್ಟು ಸಲಹೆ ನೀಡಿ.
– ಓದುಗರೊಬ್ಬರು, ರಾಲೆ

ಉತ್ತರ: ನಿಮ್ಮ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಎಂಜಿನ್ನಿನ ಶಕ್ತಿಯಲ್ಲ, ನಿಮ್ಮ ಹಿತ್ತಲಿನ ಇಳಿಜಾರು. ಆದ್ದರಿಂದ ಹಿಂದಿನ ಚಕ್ರಗಳಿಂದ ನಡೆಯುವ ಮೋವರನ್ನೇ ಕೊಳ್ಳಿರಿ. ಏರು ಹತ್ತುವಾಗ ಯಂತ್ರದ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂಬದಿಯ ಚೀಲದಲ್ಲಿ ಹುಲ್ಲು ತುಂಬುತ್ತ ಬಂದಂತೆ ಆ ಭಾರ ಇನ್ನಷ್ಟು ಹೆಚ್ಚಿ, ಮುಂದಿನ ಚಕ್ರಗಳು ಹಿಡಿತ ಕಳೆದುಕೊಂಡು ಸುಮ್ಮನೆ ತಿರುಗತೊಡಗುತ್ತವೆ. ಹಿಡಿಯನ್ನು ಕೊಂಚ ಅದುಮಿದರೆ ಮುಂಭಾಗ ಮೇಲೆದ್ದು ಸುಲಭವಾಗಿ ತಿರುಗುತ್ತದೆ ಎಂಬುದು ಮುಂಚಕ್ರದ ಮೋವರಿನ ಅನುಕೂಲ ನಿಜ, ಆದರೆ ಅದು ಸಮತಟ್ಟಾದ ಅಂಗಳಕ್ಕೆ ಒಪ್ಪುವ ಮಾತು. ನಾಲ್ಕೂ ಚಕ್ರಗಳಿಂದ ನಡೆಯುವ ಮೋವರು ತೂಕವೂ ಹೆಚ್ಚು, ಬೆಲೆಯೂ ಹೆಚ್ಚು; ನಿಮಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಕೊಳ್ಳುವ ಮೊದಲು ಇಳಿಜಾರನ್ನು ಅಳೆದು ನೋಡಿ. 10 ಅಡಿ ದೂರಕ್ಕೆ 2 ಅಡಿ 8 ಅಂಗುಲದಷ್ಟು ಏರಿದ್ದರೆ ಅದು ಸುಮಾರು 15 ಡಿಗ್ರಿ. ಅದಕ್ಕಿಂತ ಕಡಿದಾದ ಜಾಗದಲ್ಲಿ ಮೋವರ್ ಓಡಿಸುವುದೇ ಬೇಡ. ಅಲ್ಲಿ ಹುಲ್ಲು ತೆಗೆದು ನೆಲ ಮುಚ್ಚುವ ಗಿಡ ಬೆಳೆಸುವುದು ಮೇಲು. ಉಳಿದ ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಾಡದೆ ಅಡ್ಡಡ್ಡಲಾಗಿ ನಡೆಯಬೇಕು. ಆಗ ಕಾಲು ಜಾರಿದರೂ ಯಂತ್ರ ಮೈಮೇಲೆ ಬರುವ ಅಥವಾ ಪಾದ ಅಲಗಿನಡಿ ಸಿಲುಕುವ ಅಪಾಯ ಕಡಿಮೆ.

21 ಇಂಚು ಅಗಲ ಕತ್ತರಿಸುವ ಮೋವರು ನಿಮಗೆ ಸಾಕು. ಸಾಲಿನ ಮೇಲೆ ಸಾಲು ಸ್ವಲ್ಪ ಬರುವಂತೆ, ಸಾಲಿಗೆ ಒಂದೂವರೆ ಅಡಿಯ ಲೆಕ್ಕ ಹಿಡಿದರೆ ನಿಮ್ಮ ಹುಲ್ಲು ಮುಗಿಸಲು ಒಂದು ಮೈಲಿಗಿಂತ ತುಸು ಹೆಚ್ಚು ನಡೆಯಬೇಕಾಗುತ್ತದೆ. ತಿರುವುಗಳೂ ಸೇರಿ ಸುಮಾರು 40 ನಿಮಿಷವೆನ್ನಿ. ಇಷ್ಟು ಕೆಲಸಕ್ಕೆ ಬ್ಯಾಟರಿಯ ಮೋವರನ್ನೇ ನಾನು ಸೂಚಿಸುತ್ತೇನೆ. ಆದರೆ ಚಕ್ರ ತಿರುಗಿಸುವುದಕ್ಕೂ ಏಪ್ರಿಲ್ ಮೇ ತಿಂಗಳ ಸೊಂಪಾದ ಹುಲ್ಲು ಕತ್ತರಿಸುವುದಕ್ಕೂ ವಿದ್ಯುತ್ ಹೆಚ್ಚು ಬೇಕಾಗುವುದರಿಂದ, ಪೆಟ್ಟಿಗೆಯ ಮೇಲೆ ಒಂದು ಗಂಟೆಗಿಂತ ಕಡಿಮೆ ಬರೆದಿರುವುದನ್ನು ಕೊಳ್ಳಬೇಡಿ. ಬ್ಯಾಟರಿಗಳನ್ನು ಹೋಲಿಸುವಾಗ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ ನೋಡಿ; ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿಯಿದೆ ಎಂಬುದು ಅದರಿಂದ ತಿಳಿಯುತ್ತದೆ. ಬರಿಯ ವೋಲ್ಟ್ ನೋಡಿ ಮೋಸಹೋಗುವವರೇ ಹೆಚ್ಚು. ಪೆಟ್ರೋಲ್ ಮೋವರಿಗೆ ಆಯಿಲ್ ಬದಲಿಸುವ ಕೆಲಸವಿದೆ, ಚಳಿಗಾಲವಿಡೀ ಟ್ಯಾಂಕಿನಲ್ಲೇ ಉಳಿದ ಇಂಧನ ಕಾರ್ಬ್ಯುರೇಟರಿನಲ್ಲಿ ಅಂಟುಗಟ್ಟಿ ವಸಂತದಲ್ಲಿ ಯಂತ್ರ ಹೊರಡದೆ ಸತಾಯಿಸುವ ಕಾಟವೂ ಇದೆ. ಹಳೆಯ ಶಿಫಾರಸುಗಳನ್ನು ನಂಬಿ ಹೊಂಡಾ ಹುಡುಕುವವರಿಗೆ ಒಂದು ಮಾತು: ಆ ಕಂಪನಿ ಅಮೆರಿಕದಲ್ಲಿ 2023ರಲ್ಲೇ ಪೆಟ್ರೋಲ್ ಮೋವರ್‌ಗಳ ತಯಾರಿಕೆಯನ್ನು ನಿಲ್ಲಿಸಿದೆ.

ಫೆಸ್ಕ್ಯೂವನ್ನು 3ರಿಂದ 3½ ಇಂಚು ಎತ್ತರಕ್ಕೆ ಬಿಡಿ, ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಕತ್ತರಿಸಿದ ಚೂರುಗಳನ್ನು ಅಲ್ಲಿಯೇ ಉದುರಿಸುವ ಸೌಲಭ್ಯವಿರಲಿ; ಸಾರಜನಕ ಮಣ್ಣಿಗೆ ಮರಳುತ್ತದೆ.

ಮಾವನವರಿಗೆ ವೀಡ್ ಕಟ್ಟರಿನ ರೂಢಿಯಿದ್ದರೂ ಇಲ್ಲಿ ಒತ್ತಿ ಹಿಡಿದಿರಬೇಕಾದ ಎರಡು ಹಿಡಿಗಳಿರುತ್ತವೆ ಎಂಬುದನ್ನು ಮೊದಲೇ ತೋರಿಸಿಕೊಡಿ. ಚಲನೆಯ ಹಿಡಿ ಬಿಟ್ಟರೆ ಚಕ್ರ ಮಾತ್ರ ನಿಲ್ಲುತ್ತದೆ, ಅಲಗು ತಿರುಗುತ್ತಲೇ ಇರುತ್ತದೆ. ಅಲಗಿನ ಹಿಡಿ ಬಿಟ್ಟಾಗ 3 ಸೆಕೆಂಡಿನೊಳಗೆ ಅಲಗು ನಿಲ್ಲಲೇಬೇಕೆಂಬ ನಿಯಮ ಅಮೆರಿಕದಲ್ಲಿ 1982ರಿಂದ ಜಾರಿಯಲ್ಲಿದೆ. ಕೈ ನೋಯುತ್ತದೆಂದು ಆ ಹಿಡಿಯನ್ನು ದಾರದಿಂದ ಕಟ್ಟಿಬಿಡುವುದು ಅತ್ಯಂತ ಅಪಾಯಕರ. ವೇಗವನ್ನು ಅವರ ನಡಿಗೆಗೆ ಹೊಂದಿಸಿಕೊಳ್ಳುವ ವ್ಯವಸ್ಥೆಯಿರುವ ಮೋವರನ್ನೇ ಆರಿಸಿ, ಸಾಧ್ಯವಾದರೆ ಅಂಗಡಿಯಲ್ಲೇ ನಡೆಸಿ ನೋಡಿ.

ಮಗನ ವಿಷಯದಲ್ಲಿ ಮಾತ್ರ ದಯವಿಟ್ಟು ಮಣಿಯಬೇಡಿ. ಇಂಥ ಮೋವರ್ ನಡೆಸಲು ಕನಿಷ್ಠ 12 ವರ್ಷವಾಗಿರಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಕೆಲಸಕ್ಕೆ ಮೊದಲು ಹುಲ್ಲಿನಲ್ಲಿರುವ ಕಲ್ಲು, ಕಡ್ಡಿ, ಆಟಿಕೆಗಳನ್ನು ಅವನಿಂದ ಆರಿಸಿಸಿ. ಯಂತ್ರ ಹೊರಡುವ ಹೊತ್ತಿಗೆ ಅವನು ಮನೆಯೊಳಗಿರಲಿ.