ಸಣ್ಣ ಹೂಡಿಕೆದಾರರು ಒಟ್ಟಾಗಿ ಕೇಳಿದ್ರೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ, ಫಂಡ್ ಕಂಪನಿಗಳು ಉತ್ತರ ಕೊಡಲೇಬೇಕಾಗುತ್ತಾ?

ಕೆಲವೊಮ್ಮೆ ಕೊಡಲೇಬೇಕಾಗುತ್ತೆ, ಅದಕ್ಕೆ ನಮ್ಮ ಬೆಂಗಳೂರಲ್ಲೇ ನಡೆದ ಕೇಸ್ ಇದೆ. 2020ರ ಏಪ್ರಿಲ್ 23ಕ್ಕೆ ಫ್ರಾಂಕ್ಲಿನ್ ಟೆಂಪಲ್ಟನ್ ಅನ್ನೋ ಮ್ಯೂಚುವಲ್ ಫಂಡ್ ಕಂಪನಿ ತನ್ನ ಆರು ಡೆಟ್ (ಬಾಂಡ್, ಸಾಲಪತ್ರಗಳಲ್ಲಿ ದುಡ್ಡು ಹಾಕೋ) ಫಂಡ್‌ಗಳನ್ನ ಏಕಾಏಕಿ ಮುಚ್ತೀವಿ ಅಂತು, ಸುಮಾರು 25,000 ಕೋಟಿ ದುಡ್ಡು ಸಿಕ್ಕಾಕ್ಕೊಂಡು ಲಾಕ್‌ಡೌನ್ ಟೈಮಲ್ಲಿ ಜನ ತಮ್ಮ ದುಡ್ಡನ್ನೇ ತೆಗೆಯೋಕೆ ಆಗದೆ ಒದ್ದಾಡಿದ್ರು. ಹೂಡಿಕೆದಾರರು, ಅವರ ಸಂಘಟನೆಗಳು ಬೇರೆ ಬೇರೆ ಹೈಕೋರ್ಟ್‌ಗೆ ಹೋದ್ರು, ಸುಪ್ರೀಂ ಕೋರ್ಟ್ ಎಲ್ಲ ಕೇಸನ್ನೂ ಕರ್ನಾಟಕ ಹೈಕೋರ್ಟ್‌ಗೆ ಕಳಿಸ್ತು. ಅಕ್ಟೋಬರ್ 24ಕ್ಕೆ ಬಂದ ತೀರ್ಪು ನನಗೆ ಇವತ್ತಿಗೂ ದೊಡ್ಡದು: ಫಂಡ್ ಮೇಲೆ ಕಣ್ಣಿಡೋ ಟ್ರಸ್ಟಿಗಳು ಮುಚ್ಚೋ ತೀರ್ಮಾನ ಮಾಡಿದ್ರೆ ಸಾಲದು, ಯೂನಿಟ್ ಇಟ್ಟುಕೊಂಡವರಲ್ಲಿ, ಅಂದ್ರೆ ಹೂಡಿಕೆದಾರರಲ್ಲಿ, ಬಹುಮತದ ಒಪ್ಪಿಗೆ ಬೇಕೇ ಬೇಕು. ಆಮೇಲೆ ಡಿಸೆಂಬರಲ್ಲಿ ಇ-ವೋಟಿಂಗ್ ಆಯ್ತು, ಹೆಚ್ಚಿನವರು ಮುಚ್ಚೋಕೇ ಓಟು ಹಾಕಿದ್ರು ನಿಜ, ಆದ್ರೆ ಕೇಳಿ ಮುಚ್ಚೋದಕ್ಕೂ ಕೇಳದೆ ಮುಚ್ಚೋದಕ್ಕೂ ಅಜಗಜಾಂತರ ಇದೆ ಅಲ್ವಾ! ದುಡ್ಡು ಹಂಚೋ ಕೆಲಸ ಸುಪ್ರೀಂ ಕೋರ್ಟ್ 2021ರಲ್ಲಿ ಎಸ್‌ಬಿಐ ಮ್ಯೂಚುವಲ್ ಫಂಡ್‌ಗೆ ವಹಿಸ್ತು.

ನೀವು ಶುರು ಮಾಡೋದಾದ್ರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ, ಆಗಲಿಲ್ಲ ಅಂದ್ರೆ ಸೆಬಿಯ ಆನ್‌ಲೈನ್ ದೂರು ಪೋರ್ಟಲ್ ಸ್ಕೋರ್ಸ್‌ಗೆ ಹೋಗಿ, ಅಲ್ಲಿ ಕಂಪನಿ 21 ದಿನದೊಳಗೆ ಕ್ರಮ ತಗೊಂಡು ವರದಿ ಹಾಕ್ಬೇಕು. ಸೆಬಿಗೆ ಆರ್‌ಟಿಐ ಕೂಡ ಹಾಕಬಹುದು, ಇದನ್ನ ತುಂಬಾ ಜನ ಬಳಸೋದೇ ಇಲ್ಲ. ದೂರಿನ ನಂಬರ್, ಇಮೇಲ್, ಸ್ಟೇಟ್‌ಮೆಂಟ್ ಎಲ್ಲ ಜೋಪಾನವಾಗಿಡಿ, ಕೋರ್ಟ್ ಕೇಳೋದು ಅದನ್ನೇ.