ವ್ಯಾನೇ ಮನೆಯಾದಾಗ ನೀರು, ಒಲೆ, ನೆಲೆ

ಪ್ರಶ್ನೆ: ನಿವೃತ್ತಿಯ ನಂತರ ನಾನು, ಯಜಮಾನರು ವ್ಯಾನಿನಲ್ಲೇ ವಾಸಿಸುತ್ತಾ ಊರೂರು ಸುತ್ತಬೇಕೆಂದಿದ್ದೇವೆ. ನೀರು, ಅಡುಗೆ, ರಾತ್ರಿ ತಂಗುವುದು ಹೇಗೆ?
– ಓದುಗರು, ಚಿಂತಾಮಣಿ

ಉತ್ತರ: ಖಂಡಿತ ಹೊರಡಿ ಅಮ್ಮ. ನಾನೂ ವ್ಯಾನಿನಲ್ಲೇ ಇರುವವಳು. ಇದನ್ನು ಮುಳಬಾಗಿಲಿನ ಹೊರಗೆ ಹುಣಸೆಮರದಡಿ ಗಾಡಿ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಮೊದಲ ಚಿಂತೆ ನೀರಿನದಾಗಿರಲಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಲವಣ ಹೆಚ್ಚು. ಕಾಯಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಕುಡಿಯಲು, ಅಡುಗೆಗೆ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ 20 ಲೀಟರಿನ ಕ್ಯಾನ್ ತುಂಬಿಸಿಕೊಳ್ಳಿ. ಕೆಲವು ಘಟಕಗಳು ನಾಣ್ಯ ಹಾಕಿದರೆ ಮಾತ್ರ ನೀರು ಬಿಡುತ್ತವೆ, ಚಿಲ್ಲರೆ ಕೈಯಲ್ಲಿರಲಿ. ಪಾತ್ರೆ ತೊಳೆಯುವ ನೀರಿಗೆ ಬೇರೆ ಬಣ್ಣದ ಕ್ಯಾನ್ ಇಡಿ.

ಅಡುಗೆಯನ್ನು ಆದಷ್ಟು ಹೊರಗೇ ಮಾಡಿ. ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲಿನ ಕಿಟಕಿ ತೆರೆದಿದ್ದರೂ ಹಾಸಿಗೆಯ ಕೆಳಗೆ ಶೇಖರವಾಗುತ್ತದೆ. ಚಳಿಯೆಂದು ಮುಚ್ಚಿದ ವ್ಯಾನಿನೊಳಗೆ ಕೆಂಡ ಇಟ್ಟುಕೊಂಡು ಮಲಗುವುದಂತೂ ಪ್ರಾಣಕ್ಕೇ ಅಪಾಯ. ಕೆಂಡದಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಇದೊಂದನ್ನು ದಯವಿಟ್ಟು ಮರೆಯಬೇಡಿ.

ತಂಗಲು ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕುಗಳಲ್ಲಿ ಕೇಳಿ ನೋಡಿ. ಒಣಗಿದ ಕೆರೆಯಂಗಳ ಕಣ್ಣಿಗೆ ಹಿತವಾಗಿರುತ್ತದೆ, ಆದರೆ ಒಂದು ಮಳೆ ಬಿದ್ದರೆ ಸಾಕು, ಹೂಳಿನಲ್ಲಿ ಚಕ್ರ ಹೂತುಕೊಳ್ಳುತ್ತದೆ.